ಒಂದೇ ಪ್ರತಿ, ಹಲವು ಮನೆಗಳ ನಗು

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸರಿಯಾಗಿ ಊಟದ ಹೊತ್ತಿಗೆ, ಊಟದ ಬಗ್ಗೆಯೇ ಮಾತಾಡಲು ನನ್ನನ್ನು ನಿಲ್ಲಿಸಿದ್ದೀರಿ. ಹಸಿದವರ ಮುಂದೆ ಭಾಷಣ ಉದ್ದ ಮಾಡಿದವರು ಉದ್ಧಾರವಾಗಿಲ್ಲ. ಹಾಗಾಗಿ ಪೀಠಿಕೆ ಬೇಡ.

ಒಂದು ಹಾಸ್ಯ ಕಾದಂಬರಿ ಇದೆ ಅಂದುಕೊಳ್ಳಿ. ಅದರ ತುಂಬ ಅಡುಗೆ, ಹಸಿವು, ಅಡುಗೆಮನೆ ಜಗಳ, ಕೈಕೊಟ್ಟ ಔತಣ. ಅದರ ಒಂದೇ ಒಂದು ಪ್ರತಿ. ಒಬ್ಬರು ಓದಿ ಮುಗಿಸಿ ಅಂಚೆಯಲ್ಲಿ ಇನ್ನೊಬ್ಬರಿಗೆ ಕಳಿಸುತ್ತಾರೆ. ಅವರು ಓದಿ ಮೂರನೆಯವರಿಗೆ ಕಳಿಸುತ್ತಾರೆ. ಪಟ್ಟಿ ಮುಗಿಯುವ ತನಕ ಪುಸ್ತಕ ಹೀಗೇ ಮನೆಯಿಂದ ಮನೆಗೆ ಹೋಗುತ್ತದೆ. ಪಟ್ಟಿಯಲ್ಲಿರುವವರು ಒಬ್ಬರನ್ನೊಬ್ಬರು ನೋಡಿರಲೇಬೇಕೆಂದಿಲ್ಲ. ಇಷ್ಟೇ ಸಂಗತಿ.

ಕೊನೆಗೆ ಪುಸ್ತಕ ಕಳಿಸಿದವರ ಕೈಗೇ ವಾಪಸ್ ಬಂದರೆ ಅದನ್ನು ಬುಕ್‌ರಿಂಗ್ ಅನ್ನುತ್ತಾರೆ. ವಾಪಸ್ ಬರದೆ ಮುಂದೆ ಮುಂದೆ ಹೋಗುತ್ತಲೇ ಇದ್ದರೆ ಅದು ಬುಕ್‌ರೇ. ಅಮೆರಿಕದ ರಾನ್ ಹಾರ್ನ್‌ಬೇಕರ್ 2001ರಲ್ಲಿ ಶುರು ಮಾಡಿದ ಬುಕ್‌ಕ್ರಾಸಿಂಗ್ ಬಳಗದಲ್ಲಿ ಈ ಎರಡೂ ಮಾತು ಚೆನ್ನಾಗಿ ಬಳಕೆಯಲ್ಲಿವೆ. ಅಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಪುಸ್ತಕ ಎಲ್ಲೇ ಹೋದರೂ ಆ ಸಂಖ್ಯೆ ಹಿಡಿದು ಅದರ ಜಾಡು ನೋಡಬಹುದು. ನಾನು ಮಾತ್ರ ಸುಲಭಕ್ಕೆ ಎರಡನ್ನೂ ‘ಸುತ್ತು’ ಅಂತಲೇ ಕರೆಯುತ್ತೇನೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ನಾನೇ ಕೇಳಿಬಿಡುತ್ತೇನೆ. ಇಷ್ಟೆಲ್ಲ ಯಾಕೆ? ಎಲ್ಲರೂ ಒಂದೊಂದು ಪ್ರತಿ ಕೊಂಡರೆ ಮುಗೀತಲ್ವಾ? ಹಳೆಯ ಪ್ರತಿ ಸಿಕ್ಕರೆ ಅಂಚೆ ಖರ್ಚಿಗಿಂತ ಕಡಿಮೆಗೇ ಸಿಗಬಹುದು. ಫೋನಿನಲ್ಲಿ ಓದುವವರಿಗಂತೂ ಒಂದು ಗುಂಡಿ ಒತ್ತಿದರೆ ಸಾಕು. ಹಣದ ಲೆಕ್ಕದಲ್ಲಿ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಉಳಿತಾಯಕ್ಕಾಗಿ ಇದನ್ನು ಮಾಡುವವರಿದ್ದರೆ ಈಗಲೇ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ.

ನನ್ನ ಉತ್ತರ ಇರುವುದು ನಗುವಿನ ಕಡೆಯಲ್ಲಿ. ರಾಬರ್ಟ್ ಪ್ರೊವೈನ್ ಅಂತ ಅಮೆರಿಕದ ಒಬ್ಬ ಸಂಶೋಧಕ ಇದ್ದರು. ಜನ ಯಾವಾಗ ನಗುತ್ತಾರೆ ಅಂತ ವರ್ಷಗಟ್ಟಲೆ ಗಮನಿಸಿದವರು. ಪ್ರಯೋಗಾಲಯದಲ್ಲಿ ಕೂರಿಸಿ ನಗಿಸುವುದಕ್ಕಿಂತ ಬೀದಿಯಲ್ಲಿ, ಅಂಗಡಿ ಸಾಲುಗಳಲ್ಲಿ ಜನ ತಾವಾಗಿ ನಗುವುದನ್ನು ಬರೆದುಕೊಳ್ಳುವುದು ಮೇಲು ಅಂತ ಹೊರಟವರು. ಅವರಿಗೆ ಕಂಡದ್ದು ಇದು: ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿ ಯಾರಾದರೂ ಇರುವಾಗ ಜನ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ. ಇನ್ನೊಂದು ಮಾತೂ ಹೇಳಿದರು. ನಗುವಿಗೆ ಮುಂಚೆ ಬರುವ ಮಾತುಗಳಲ್ಲಿ ಹೆಚ್ಚಿನವು ಜೋಕುಗಳೇ ಅಲ್ಲ. ‘ಹೌದಾ?’, ‘ಸರಿ, ಹೊರಟೆ’ ಇಂಥ ಸಪ್ಪೆ ಮಾತುಗಳು. ಅಂದರೆ ಜೋಕು ಅರ್ಧ ಕೆಲಸ ಮಾಡುತ್ತದೆ, ಎದುರಿಗಿರುವ ಮನುಷ್ಯ ಉಳಿದರ್ಧ ಮಾಡುತ್ತಾನೆ.

ಹಾಸ್ಯ ಕಾದಂಬರಿಯ ಕಷ್ಟ ಇಲ್ಲಿದೆ. ಅದು ನಗಿಸಲೆಂದೇ ಬರೆದದ್ದು. ಆದರೆ ಓದುವಾಗ ನಾವು ಒಬ್ಬರೇ. ದುಃಖದ ಕಾದಂಬರಿಗೆ ಈ ತೊಂದರೆ ಇಲ್ಲ, ಅಳಲು ಒಂಟಿತನ ಅನುಕೂಲವೇ. ನಾಟಕಕ್ಕೆ ಪಕ್ಕದ ಸೀಟಿನವರು ಇರುತ್ತಾರೆ. ಹಾಸ್ಯ ಕಾದಂಬರಿ ಓದುವವರು ಮಾತ್ರ ಮೂಲೆಯಲ್ಲಿ ಕೂತು ಮೂಗಿನಲ್ಲೇ ಸಣ್ಣಗೆ ಉಸಿರು ಬಿಟ್ಟು ‘ತುಂಬಾ ನಗು ಬಂತು’ ಅನ್ನುತ್ತಾರೆ. ಪಕ್ಕದಲ್ಲಿದ್ದವರಿಗೆ ಆ ಪುಟ ಓದಿ ಹೇಳಲು ಹೋದರೆ ಅವರು ಮುಖ ನೋಡುತ್ತಾರೆ, ಅಷ್ಟೇ. ಹಿಂದಿನ 80 ಪುಟ ಓದದವರಿಗೆ ಆ ಸಾಲಿನಲ್ಲಿ ನಗುವಂಥದ್ದು ಏನೂ ಇರುವುದಿಲ್ಲ.

ಸುತ್ತಿನ ಪ್ರತಿ ಮಾಡುವ ಕೆಲಸ ಏನೆಂದರೆ, ಆ ಪಕ್ಕದ ಸೀಟಿನವರನ್ನು ತಡವಾಗಿಯಾದರೂ ತಂದು ಕೂರಿಸುತ್ತದೆ. ಅದರ ಅಂಚಿನಲ್ಲಿ ಹಿಂದಿನವರು ಪೆನ್ಸಿಲಿನಲ್ಲಿ ಒಂದು ಗೀಟು ಎಳೆದಿರುತ್ತಾರೆ, ಇಲ್ಲವೇ ಒಂದು ಮಾತು ಗೀಚಿರುತ್ತಾರೆ. ಹೊಸ ಪ್ರತಿಯಲ್ಲಿ ಇದು ಸಿಗುವುದಿಲ್ಲ. ಹಾಗಾಗಿ ಸುತ್ತುವುದು ಒಂದು ಕಾದಂಬರಿಯಲ್ಲ, ಒಂದು ಪ್ರತಿ. ಈ ವ್ಯತ್ಯಾಸ ಹಿಡಿದುಕೊಂಡರೆ ನಾನು ಮುಂದೆ ಹೇಳುವ ಎಲ್ಲ ಕಟ್ಟುಪಾಡುಗಳೂ ತಾವಾಗಿ ಅರ್ಥವಾಗುತ್ತವೆ.

ಸರಿ, ನಗು ಆಯಿತು. ಊಟ ಯಾಕೆ? ಬೇರೆ ಹಾಸ್ಯ ಕಾದಂಬರಿಗಳೂ ಇವೆಯಲ್ಲ, ಪ್ರೇಮದ್ದು, ಕಚೇರಿಯದ್ದು, ರಾಜಕೀಯದ್ದು?

ಫ್ರಾನ್ಸಿನ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ನಗುವಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಮನಸ್ಸು ದೊಡ್ಡ ವಿಚಾರದಲ್ಲಿ ಮುಳುಗಿರುವಾಗ ದೇಹ ನಡುವೆ ಬಾಯಿ ಹಾಕಿದರೆ ನಗು ಹುಟ್ಟುತ್ತದೆ ಅನ್ನುವುದು ಅವರ ಒಂದು ವಾದ. ಭಾಷಣಕಾರ ಎಲ್ಲರ ಕಣ್ಣಲ್ಲಿ ನೀರು ತರಿಸುವ ಘಟ್ಟಕ್ಕೆ ಬಂದು ಆಗಲೇ ಸೀನಿಬಿಡುತ್ತಾನೆ, ಅದು ಅವರ ಉದಾಹರಣೆ. ಇದಕ್ಕಿಂತ ನನಗೆ ಇಷ್ಟವಾದದ್ದು ಅವರ ಇನ್ನೊಂದು ಗಮನಿಕೆ. ದುರಂತ ನಾಟಕದ ನಾಯಕರು ಊಟ ಮಾಡುವುದಿಲ್ಲ, ಕುಡಿಯುವುದಿಲ್ಲ, ಬೆಂಕಿ ಕಾಯಿಸಿಕೊಳ್ಳುವುದೂ ಇಲ್ಲ. ಸಾಧ್ಯವಾದಷ್ಟೂ ಕೂರುವುದೂ ಇಲ್ಲವಂತೆ! ಯಾಕೆಂದರೆ ಕೂತ ಕೂಡಲೇ ಅವರಿಗೊಂದು ಮೈ ಇದೆ ಅಂತ ನೋಡುವವರಿಗೆ ನೆನಪಾಗುತ್ತದೆ. ಯೋಚನೆ ಮಾಡಿ. ಸೇಡಿನ ಪ್ರತಿಜ್ಞೆ ಮಾಡುತ್ತಿರುವ ರಾಜಕುಮಾರನ ಕೈಗೆ ಒಂದು ತುಂಡು ರೊಟ್ಟಿ ಕೊಡಿ. ಒಂದು ತುತ್ತು ಅಗಿಯಲು ಹೇಳಿ. ಪ್ರತಿಜ್ಞೆ ಅಲ್ಲಿಗೆ ಮುಗಿಯಿತು.

ಅಂದರೆ ಹಾಸ್ಯಕ್ಕೆ ಊಟ ಹೊರಗಿನಿಂದ ಸೇರಿಸಿದ್ದಲ್ಲ. ಎಷ್ಟು ಹಿಂದೆ ಹೋದರೂ ಅಲ್ಲಿ ಒಂದು ತಟ್ಟೆ ಸಿಗುತ್ತದೆ. ಗ್ರೀಸಿನ ಅರಿಸ್ಟೋಫನೀಸ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಆರಂಭದಲ್ಲಿ ಬರೆದ ಒಂದು ಪ್ರಹಸನದಲ್ಲಿ ಒಂದು ಭಕ್ಷ್ಯದ ಹೆಸರು ಬರುತ್ತದೆ. ಒಂದೇ ಪದ, 170ಕ್ಕೂ ಹೆಚ್ಚು ಅಕ್ಷರ. ಮೀನು, ಹಕ್ಕಿ, ಮೊಲ, ಜೇನು ಎಲ್ಲ ಅದರೊಳಗೇ ಬೆಂದುಹೋಗಿವೆ. ಪಾತ್ರಧಾರಿ ಅದನ್ನು ಒಂದೇ ಉಸಿರಿಗೆ ಹೇಳಬೇಕು. ರೋಮಿನ ಪೆಟ್ರೋನಿಯಸ್ ಬರೆದ ಒಂದನೇ ಶತಮಾನದ ಕಥೆಯಲ್ಲಿ ಟ್ರಿಮಾಲ್ಕಿಯೊ ಎಂಬ ಹೊಸ ಶ್ರೀಮಂತನ ಔತಣವಿದೆ. ಇಡೀ ಹಂದಿಯನ್ನು ಬೇಯಿಸಿ ತರುತ್ತಾರೆ. ಅದರ ಕರುಳೇ ತೆಗೆದಿಲ್ಲವೆಂದು ಯಜಮಾನ ಕಿರುಚಾಡುತ್ತಾನೆ. ಅಡುಗೆಯವನಿಗೆ ಚಾವಟಿ ಏಟು ಅಂತಾಗುತ್ತದೆ. ಅತಿಥಿಗಳು ಬಿಟ್ಟುಬಿಡಿ ಅಂತ ಬೇಡಿಕೊಳ್ಳುತ್ತಾರೆ. ಕೊನೆಗೆ ಎಲ್ಲರ ಮುಂದೆ ಹೊಟ್ಟೆ ಸೀಳಿದರೆ ಒಳಗಿಂದ ಸಾಸೇಜುಗಳು ಸುರಿಯುತ್ತವೆ. ಎಲ್ಲ ಮೊದಲೇ ಮಾಡಿಕೊಂಡ ನಾಟಕ. ದುಡ್ಡಿದ್ದವರು ತಮಾಷೆ ಮಾಡಿದರೆ ಬೇರೆಯವರಿಗೆ ಎಷ್ಟು ಕಷ್ಟ ಅನ್ನುವುದು ಅಲ್ಲಿನ ನಿಜವಾದ ತಮಾಷೆ.

ನನ್ನ ಮೆಚ್ಚಿನದು ಸ್ಪೇನಿನ ಸರ್ವಾಂಟಿಸ್ ಬರೆದ ಡಾನ್ ಕ್ವಿಕ್ಸೋಟ್ ಕಾದಂಬರಿಯದು. ಅದರ ಎರಡನೇ ಭಾಗ ಬಂದದ್ದು 1615ರಲ್ಲಿ. ಬಡ ರೈತ ಸ್ಯಾಂಚೊ ಪಾಂಜಾನಿಗೆ ಒಂದು ‘ದ್ವೀಪ’ದ ಅಧಿಕಾರ ಸಿಗುತ್ತದೆ. ಇನ್ನೇನು, ಹೊಟ್ಟೆ ತುಂಬ ತಿನ್ನಬಹುದು ಅಂತ ಮೇಜಿಗೆ ಬಂದು ಕೂರುತ್ತಾನೆ. ಪಕ್ಕದಲ್ಲಿ ಒಬ್ಬ ವೈದ್ಯ, ಕೈಯಲ್ಲೊಂದು ಕಡ್ಡಿ. ತಟ್ಟೆ ಬರುತ್ತದೆ. ವೈದ್ಯ ಕಡ್ಡಿ ಮುಟ್ಟಿಸುತ್ತಾನೆ. ತಟ್ಟೆ ಹೋಗುತ್ತದೆ. ಹಣ್ಣಿನಲ್ಲಿ ತೇವ ಜಾಸ್ತಿ, ಬೇಡ. ಇನ್ನೊಂದರಲ್ಲಿ ಮಸಾಲೆ ಜಾಸ್ತಿ, ಬಾಯಾರಿಕೆಯಾಗುತ್ತದೆ, ಬೇಡ. ಕೌಜುಗ ಹಕ್ಕಿಯೂ ಬೇಡ, ಮೊಲವೂ ಬೇಡ. ಅಧಿಕಾರ ಇದೆ, ಅನ್ನವಿಲ್ಲ. ಸ್ಯಾಂಚೊ ಕೊನೆಗೆ ರೇಗಿ ವೈದ್ಯನನ್ನೇ ಆಚೆಗಟ್ಟಲು ಎದ್ದುಬಿಡುತ್ತಾನೆ. ನಾಲ್ಕು ಶತಮಾನವಾದರೂ ಈ ದೃಶ್ಯಕ್ಕೆ ಅಡಿಟಿಪ್ಪಣಿ ಬೇಕಾಗಿಲ್ಲ. ಡಯಟ್ ಮಾಡಿದ ಯಾರನ್ನಾದರೂ ಕೇಳಿ.

ಹಾಸ್ಯ ಸಾಮಾನ್ಯವಾಗಿ ದೂರ ಪ್ರಯಾಣ ಮಾಡುವುದಿಲ್ಲ. ರಾಜಕೀಯದ ಜೋಕು ಗಡಿ ದಾಟುವಷ್ಟರಲ್ಲಿ ಸತ್ತಿರುತ್ತದೆ. ಹಸಿವು, ಆಸೆ, ಸೀದು ಹೋದ ಪಾತ್ರೆ, ‘ಚೆನ್ನಾಗಿದೆ’ ಅಂತ ಸುಳ್ಳು ಹೇಳಿ ಇನ್ನೊಂದು ಬಡಿಸಿಸಿಕೊಂಡವರ ಪಾಡು, ಇವು ಎಲ್ಲಾ ಕಡೆ ಒಂದೇ. ಗೊತ್ತಿಲ್ಲದ ಹತ್ತು ಜನರ ನಡುವೆ ಸುತ್ತಲು ಊಟದ ಹಾಸ್ಯ ಒಳ್ಳೆಯದು ಅನ್ನುವುದಕ್ಕೆ ಕಾರಣ ಇದೇ.

ಆದರೆ ಇಲ್ಲೊಂದು ಗುಂಡಿ ಇದೆ, ಅದನ್ನು ದಾಟಿಕೊಂಡು ಹೋಗಲು ಆಗುವುದಿಲ್ಲ. ಊಟದ ಹಾಸ್ಯದಲ್ಲಿ ಎರಡು ಬಗೆ. ಒಂದು, ತಿನ್ನುವವನ ಮೇಲೆ ನಗುವುದು. ಅವನ ಆಸೆ, ಅವನ ಜಂಬ, ಅವನ ಭಯ. ಇನ್ನೊಂದು, ತಟ್ಟೆಯಲ್ಲಿರುವುದರ ಮೇಲೆ ನಗುವುದು. ‘ಅಯ್ಯೋ, ಆ ಜನ ಅದನ್ನು ತಿಂತಾರಂತೆ, ಅದರ ವಾಸನೆ ನೋಡಿ!’ ಎರಡನೆಯದು ಬರೆಯಲು ಸುಲಭ. ಹಳೆಯ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಹೊಸದರಲ್ಲೂ ಕಡಿಮೆಯೇನಿಲ್ಲ. ಒಬ್ಬರೇ ಓದುವಾಗ ಅದು ಗಮನಕ್ಕೇ ಬರದೆ ಹೋಗಬಹುದು. ಸುತ್ತಿನಲ್ಲಿ ಹಾಗಲ್ಲ. ಪಟ್ಟಿಯಲ್ಲಿ ಯಾರೋ ಒಬ್ಬರ ಮನೆಯ ದಿನದ ಊಟ ಅದೇ ಆಗಿರುತ್ತದೆ.

ನಾನಿದ್ದ ಒಂದು ಸುತ್ತಿನಲ್ಲಿ ಹೀಗೇ ಆಯಿತು. ಹುದುಗು ಬರಿಸಿದ ಒಂದು ತಿನಿಸನ್ನು ಲೇಖಕ ಎರಡು ಪುಟ ಆಡಿಕೊಂಡಿದ್ದ. ಮೊದಲ ಮೂರು ಜನ ಅಂಚಿನಲ್ಲಿ ನಗುಮುಖ ಬರೆದಿದ್ದರು. ನಾಲ್ಕನೆಯವರು ತಣ್ಣಗೆ ಒಂದೇ ಸಾಲು ಬರೆದಿದ್ದರು: ‘ಇದು ನಮ್ಮ ಅಮ್ಮ ವಾರಕ್ಕೊಮ್ಮೆ ಮಾಡ್ತಿದ್ರು.’ ಬೈಗುಳವಿಲ್ಲ, ಉಪದೇಶವಿಲ್ಲ. ಐದನೆಯವಳಾಗಿ ನಾನು ಆ ಪುಟ ಓದಿದ್ದೇ ಬೇರೆ ರೀತಿ. ಅಲ್ಲಿ ತಮಾಷೆ ಇದ್ದದ್ದು ತಿನಿಸಿನಲ್ಲಲ್ಲ, ಮೂಗು ಮುಚ್ಚಿಕೊಂಡು ಓಡಾಡುವ ಆ ಪಾತ್ರದಲ್ಲಿ ಅಂತ ಆಗ ಕಂಡಿತು. ಅದರರ್ಥ ಲೇಖಕನಿಗೂ ಹಾಗೇ ಕಂಡಿತ್ತು ಅಂತಲ್ಲ. ಅವನಿಗೆ ಅಷ್ಟು ಔದಾರ್ಯ ಕೊಡಲು ನನಗೆ ಮನಸ್ಸಿಲ್ಲ.

ಹಾಗಾಗಿ ಪುಸ್ತಕ ಆರಿಸುವಾಗ ಮೊದಲು ನೋಡಬೇಕಾದ್ದು ಇದು: ನಗು ತಿನ್ನುವವನ ಮೇಲಿದೆಯೋ, ತಟ್ಟೆಯ ಮೇಲಿದೆಯೋ. ಆಮೇಲಿನವು ಸಣ್ಣ ವಿಷಯಗಳು. ಅಧ್ಯಾಯ ಚಿಕ್ಕದಾಗಿರಲಿ. ಮೆತ್ತನೆ ರಟ್ಟಿನ ಪ್ರತಿ ಸಾಕು, ಗಟ್ಟಿ ರಟ್ಟು ತೂಕ ಹೆಚ್ಚಿಸುತ್ತದೆ, ಮೂಲೆ ಜಜ್ಜಿಕೊಂಡು ಬರುತ್ತದೆ. ಅಂಚಿನಲ್ಲಿ ಬರೆಯಲು ಜಾಗ ಇರಬೇಕು. ಮುಖ್ಯವಾಗಿ ಅದು ಹಳೆಯ ಪ್ರತಿಯಾಗಿರಲಿ. ಹೊಚ್ಚ ಹೊಸದನ್ನು ಕಳಿಸಿದರೆ ಯಾರೂ ಪೆನ್ಸಿಲ್ ಮುಟ್ಟುವುದಿಲ್ಲ. ಪುಟ ಬಿಡಿಸಲೂ ಹೆದರುತ್ತಾರೆ.

ಈಗ ಅಂಚಿನ ಬರಹಕ್ಕೆ ಬರೋಣ. ಸುತ್ತು ಕೆಡುವುದಾದರೆ ಹೆಚ್ಚಾಗಿ ಇಲ್ಲೇ ಕೆಡುತ್ತದೆ.

ಜೋಕಿನ ಜೀವ ಇರುವುದು ಸಮಯದಲ್ಲಿ. ಪುಟದ ಮೇಲ್ತುದಿಯಲ್ಲಿ ‘ಮುಂದೆ ನೋಡಿ, ಬಿದ್ದು ಬಿದ್ದು ನಗ್ತೀರಾ’ ಅಂತ ಯಾರಾದರೂ ಬರೆದರೆ ಮುಂದಿನವರು ನಗುವುದಿಲ್ಲ. ಕಾದು ಕೂರುತ್ತಾರೆ. ಕಾದು ಕೂತವರನ್ನು ನಗಿಸಲು ಯಾವ ಲೇಖಕನಿಂದಲೂ ಆಗುವುದಿಲ್ಲ. ಗೀಟು ಎಳೆಯುವುದೂ ಅಷ್ಟೇ. ಸಾಲಿನ ಕೆಳಗೆ ಗೀಟು ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸಾಲು ಅದರ ಸರದಿಗೆ ಮುಂಚೆಯೇ ಓದಿ ಮುಗಿದಿರುತ್ತದೆ. ನನ್ನ ಕಟ್ಟುಪಾಡು ಇದು: ನಡುವೆ ಬರಿ ಒಂದು ಸಣ್ಣ ಚುಕ್ಕೆ, ಅದೂ ನಗು ಬಂದ ಸಾಲು ಮುಗಿದ ಮೇಲೆ, ಹೊರ ಅಂಚಿನಲ್ಲಿ. ಮಾತು ಏನಿದ್ದರೂ ಅಧ್ಯಾಯದ ಕೊನೆಯ ಖಾಲಿ ಜಾಗದಲ್ಲಿ. ಪೆನ್ಸಿಲ್ ಮಾತ್ರ. ಪೆನ್ ಶಾಯಿ ಹಿಂಬದಿಗೆ ಇಳಿಯುತ್ತದೆ, ಹೈಲೈಟರ್ ಹಿಡಿದವರನ್ನು ಮುಂದಿನ ಸುತ್ತಿಗೆ ಸೇರಿಸುವುದಿಲ್ಲ. ಇದರಲ್ಲಿ ನಾನು ಸ್ವಲ್ಪ ಕಠಿಣ, ಇರಲಿ.

ಕೆಲವರು ಪುಸ್ತಕಕ್ಕೆ ಕೈ ಹಚ್ಚಬೇಡಿ, ಜೊತೆಗೊಂದು ನೋಟ್‌ಬುಕ್ ಕಳಿಸಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನೋಟ್‌ಬುಕ್ ಸಿಕ್ಕ ಕೂಡಲೇ ಜನ ವಿಮರ್ಶೆ ಬರೆಯಲು ಶುರು ಮಾಡುತ್ತಾರೆ. ‘ಪಾತ್ರ ಚಿತ್ರಣ ಚೆನ್ನಾಗಿದೆ, ಮಧ್ಯಭಾಗ ಸ್ವಲ್ಪ ಎಳೆದಂತಿದೆ.’ ಯಾರಿಗೆ ಬೇಕು? ಅಂಚಿನಲ್ಲಿ ಜಾಗ ಕಡಿಮೆ. ಹಾಗಾಗಿ ಅಲ್ಲಿ ನಿಜ ಮಾತೇ ಬರುತ್ತದೆ.

ಒಂದು ಉದಾಹರಣೆ. ಕಾದಂಬರಿಯ ಬಾಣಸಿಗ ಉಪ್ಪು ಸಕ್ಕರೆ ಅದಲು ಬದಲು ಮಾಡುತ್ತಾನೆ, ದೊಡ್ಡ ಕೇಕ್ ಹಾಳಾಗುತ್ತದೆ. ಹಳೆಯ ಜೋಕು, ಒಪ್ಪುತ್ತೇನೆ. ಅಧ್ಯಾಯದ ಕೊನೆಯಲ್ಲಿ ಒಬ್ಬರು ಬರೆದಿದ್ದರು: ‘ಇದರಲ್ಲಿ ನಗೋದೇನಿದೆ?’ ಅದರ ಕೆಳಗೆ ಬೇರೆ ಕೈಬರಹ: ‘ನಿಮ್ಮ ಮನೇಲಿ ಅಡುಗೆ ಯಾರು ಮಾಡ್ತಾರೆ?’ ಅದರ ಕೆಳಗೆ ಮೂರನೆಯವರದು: ‘ಪಾಪ, ಪುಸ್ತಕ ಅವರ ಕೈಗೆ ವಾಪಸ್ ಹೋಗಲ್ಲ, ಉತ್ತರ ಕೊಡೋಕಾಗಲ್ಲ. ನಾನೇ ಹೇಳ್ತೀನಿ, ಅವರೇ ಮಾಡ್ತಾರೆ, ಅದಕ್ಕೇ ನಗು ಬಂದಿಲ್ಲ.’ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ಇಲ್ಲಿ. ಕಾದಂಬರಿಗಲ್ಲ.

ಅಡುಗೆ ಕಾದಂಬರಿಯ ಸುತ್ತಿನಲ್ಲಿ ತಪ್ಪದೆ ಒಬ್ಬರು ಬರುತ್ತಾರೆ. ಅವರು ಅಡುಗೆ ತಿದ್ದುವವರು. ಕಥೆಯಲ್ಲಿ ಈರುಳ್ಳಿ ಐದು ನಿಮಿಷಕ್ಕೆ ಕೆಂಪಗಾಯಿತು ಅಂತ ಬರೆದಿದ್ದರೆ ಅಂಚಿನಲ್ಲಿ ‘ಸಾಧ್ಯವಿಲ್ಲ’ ಅಂತ ಬರೆಯುತ್ತಾರೆ. ಮಾತು ನಿಜವೇ. ಈರುಳ್ಳಿ ಸರಿಯಾಗಿ ಕೆಂಪಾಗಬೇಕಾದರೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಮೇಲೇ ಬೇಕು. ಹಾಸ್ಯ ಕಾದಂಬರಿಯನ್ನು ಪಾಕಪುಸ್ತಕದ ಥರ ಓದುವುದು ಅವರ ರೂಢಿ. ಅವರನ್ನು ತಡೆಯಬೇಡಿ. ಮೂರು ಅಧ್ಯಾಯ ಕಳೆಯುವಷ್ಟರಲ್ಲಿ ಅವರೂ ಒಂದು ಪಾತ್ರವಾಗಿರುತ್ತಾರೆ, ಮುಂದಿನವರು ಅವರ ಟಿಪ್ಪಣಿಗಾಗಿಯೇ ಪುಟ ತಿರುವುತ್ತಾರೆ.

ಕಲೆಗಳ ವಿಷಯ. ಊಟದ ಪುಸ್ತಕವನ್ನು ಊಟ ಮಾಡುತ್ತಾ ಓದುವವರೇ ಹೆಚ್ಚು. ಒಣಗಿದ ಚುಕ್ಕೆ ಪರವಾಗಿಲ್ಲ. ಎಣ್ಣೆ ಕಷ್ಟ. ಅದು ಕಾಗದದ ಎಳೆಗಳ ನಡುವಿನ ಗಾಳಿಯ ಜಾಗ ತುಂಬುತ್ತದೆ, ಅದಕ್ಕೇ ಆ ಜಾಗದಲ್ಲಿ ಕಾಗದ ಪಾರದರ್ಶಕವಾಗಿ ಹಿಂದಿನ ಪುಟದ ಅಕ್ಷರ ಕಾಣಿಸುತ್ತದೆ. ಬಿದ್ದ ಕೂಡಲೇ ಮೆಕ್ಕೆಜೋಳದ ಪಿಷ್ಟವನ್ನು (ಕಾರ್ನ್‌ಫ್ಲೋರ್) ಉದುರಿಸಿ ಒಂದು ದಿನ ಬಿಟ್ಟು ಮೆಲ್ಲಗೆ ಒರೆಸಿದರೆ ಸ್ವಲ್ಪ ಎಣ್ಣೆ ಎಳೆದುಕೊಳ್ಳುತ್ತದೆ. ಪೂರ್ತಿ ಹೋಗುವುದಿಲ್ಲ. ಸಿಹಿ ಅಂಟಿದ್ದರೆ ಒರೆಸಲೇಬೇಕು, ಇಲ್ಲದಿದ್ದರೆ ಪುಸ್ತಕದ ಜೊತೆ ಹುಳುವೂ ಅಂಚೆಯಲ್ಲಿ ಹೋಗುತ್ತದೆ. ಹುಳದ ಅನುಮಾನವಿದ್ದರೆ ಗ್ರಂಥಾಲಯದವರ ಉಪಾಯವಿದೆ: ಗಾಳಿಯಾಡದ ಚೀಲದಲ್ಲಿ ಹಾಕಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ. ತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರುವ ತನಕ ಬಿಡಬೇಕು, ಇಲ್ಲದಿದ್ದರೆ ಪುಟದ ಮೇಲೆ ನೀರು ಕಟ್ಟುತ್ತದೆ.

ಪುಸ್ತಕ ಕಳಿಸಿ ಓದುವುದು ಹೊಸ ಹುಚ್ಚೇನಲ್ಲ. ಲಂಡನ್ನಿನ ಚಾರ್ಲ್ಸ್ ಮ್ಯೂಡಿ 1842ರಲ್ಲಿ ಚಂದಾ ಗ್ರಂಥಾಲಯ ತೆರೆದ. ದೂರದ ಊರುಗಳ ಚಂದಾದಾರರಿಗೆ ರೈಲಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ಪುಸ್ತಕ ಹೋಗುತ್ತಿತ್ತು. ಆ ಕಾಲದ ಇಂಗ್ಲಿಷ್ ಕಾದಂಬರಿಗಳು ಮೂರು ಸಂಪುಟಗಳಲ್ಲಿ ಬರುತ್ತಿದ್ದದ್ದಕ್ಕೆ ಈ ಗ್ರಂಥಾಲಯಗಳ ಲಾಭವೂ ಒಂದು ಕಾರಣ. ಒಂದೇ ಕಾದಂಬರಿಯನ್ನು ಏಕಕಾಲಕ್ಕೆ ಮೂರು ಜನರಿಗೆ ಕೊಡಬಹುದಿತ್ತಲ್ಲ! 1894ರಲ್ಲಿ ದೊಡ್ಡ ಗ್ರಂಥಾಲಯಗಳೇ ಇದು ಬೇಡ ಅಂದ ಮೇಲೆ ಮೂರು ಸಂಪುಟದ ಕಾಲ ಬೇಗ ಮುಗಿಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸೈನಿಕರಿಗಾಗಿಯೇ ಜೇಬಿನಲ್ಲಿ ಹಿಡಿಸುವ ಪುಸ್ತಕಗಳನ್ನು ಅಚ್ಚು ಹಾಕಿತು. 1943ರಿಂದ 1947ರ ತನಕ 12 ಕೋಟಿಗೂ ಹೆಚ್ಚು ಪ್ರತಿ, ಅದರಲ್ಲಿ ಹಾಸ್ಯಕ್ಕೂ ಪಾಲಿತ್ತು. ಒಂದೊಂದು ಪ್ರತಿಯೂ ಹಲವರ ಕೈ ದಾಟುತ್ತಿತ್ತು.

ದೇಶ ದಾಟಿ ಕಳಿಸುವುದು ನಮಗೆ ಸಲೀಸಾಗಿರುವುದಕ್ಕೆ 1874ರ ಒಂದು ಒಪ್ಪಂದ ಕಾರಣ. ಆ ವರ್ಷ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 22 ದೇಶಗಳು ಸೇರಿ ವಿಶ್ವ ಅಂಚೆ ಒಕ್ಕೂಟಕ್ಕೆ ಬುನಾದಿ ಹಾಕಿದವು. ಅಂಚೆಯ ಮಟ್ಟಿಗೆ ಎಲ್ಲ ಸದಸ್ಯ ದೇಶಗಳೂ ಸೇರಿ ಒಂದೇ ಪ್ರದೇಶ ಅನ್ನುವುದು ಅದರ ಮೂಲ ಸೂತ್ರ. ಅದಕ್ಕೇ ನಾವು ನಮ್ಮ ಅಂಚೆ ಕಚೇರಿಯಲ್ಲಿ ಚೀಟಿ ಹಚ್ಚಿದರೆ ಸಾಕು. ದಾರಿಯಲ್ಲಿ ಸಿಗುವ ಪ್ರತಿ ದೇಶಕ್ಕೂ ಬೇರೆ ಬೇರೆ ಕಟ್ಟಬೇಕಾಗಿಲ್ಲ.

ಕಟ್ಟುವ ವಿಧಾನ ಬೇಗ ಹೇಳಿಬಿಡುತ್ತೇನೆ. ಮೊದಲು ಪ್ಲಾಸ್ಟಿಕ್ ಹಾಳೆ, ಮಳೆಗೆ. ಪುಸ್ತಕ ಒಣಗಿರುವಾಗಲೇ ಸುತ್ತಿ, ತೇವ ಒಳಗೆ ಸಿಕ್ಕಿಕೊಂಡರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಎರಡೂ ಕಡೆ ರಟ್ಟು, ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದು, ಮೂಲೆ ಉಳಿಯಲಿ ಅಂತ. ಹೊರಗೆ ಗಟ್ಟಿ ಕಾಗದ. ಟೇಪು ಪುಸ್ತಕಕ್ಕೆ ತಾಗಬಾರದು. ವಿಳಾಸದ ಒಂದು ಚೀಟಿ ಒಳಗೂ ಇರಲಿ. ಹೊರಗಿನದು ಹರಿದುಹೋದರೂ ಪುಸ್ತಕ ದಿಕ್ಕು ತಪ್ಪುವುದಿಲ್ಲ.

ಮತ್ತೆ, ದಯವಿಟ್ಟು ಒಳಗೆ ತಿಂಡಿ ಇಡಬೇಡಿ. ಊಟದ ಪುಸ್ತಕ ಅಂದಮೇಲೆ ಎಲ್ಲರಿಗೂ ಆಸೆ ಬರುತ್ತದೆ, ಒಂದು ಪೊಟ್ಟಣ ಮಸಾಲೆ ಇಡೋಣ, ಒಂದೆರಡು ಬಿಸ್ಕತ್ತು ಇಡೋಣ ಅಂತ. ಬಿಸ್ಕತ್ತು ಪುಡಿಯಾಗಿ ಪುಟದೊಳಗೆ ಸೇರುತ್ತದೆ. ಎಷ್ಟೋ ದೇಶಗಳು ಬೀಜ, ಮಾಂಸ, ಹಾಲಿನ ಪದಾರ್ಥಗಳನ್ನು ಗಡಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಜೊತೆಗೆ ಪುಸ್ತಕವೂ ಕೂರುತ್ತದೆ. ಇನ್ನೊಂದು ವಿಷಯ. ಅಚ್ಚಾದ ಪುಸ್ತಕಕ್ಕೆ ಅಂತ ಕಡಿಮೆ ದರ ಇರುವ ಕಡೆ ಅದರೊಳಗೆ ಖಾಸಗಿ ಪತ್ರ ಇಡಲು ಸಾಮಾನ್ಯವಾಗಿ ಬಿಡುವುದಿಲ್ಲ. ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ. ಪಾಕವಿಧಾನ ಕಳಿಸಬೇಕೆನಿಸಿದರೆ ಬೇರೆ ಕಾರ್ಡಿನಲ್ಲಿ ಕಳಿಸಿ.

ಇನ್ನು ಪಟ್ಟಿ. ಎಲ್ಲರ ವಿಳಾಸವನ್ನೂ ಪುಸ್ತಕದೊಳಗೆ ಅಂಟಿಸಿ ಕಳಿಸುವ ಅಭ್ಯಾಸ ಕೆಲವರಿಗಿದೆ. ಬೇಡ. ಒಬ್ಬೊಬ್ಬರಿಗೂ ಮುಂದಿನ ಒಬ್ಬರ ವಿಳಾಸ ಗೊತ್ತಿದ್ದರೆ ಸಾಕು. ಅದನ್ನೂ ಪುಸ್ತಕ ಓದಿ ಮುಗಿಸಿದ ಮೇಲೆ ಕೇಳಿ ತೆಗೆದುಕೊಳ್ಳಲಿ. ಹೀಗೆ ಮಾಡಿದರೆ ಮುಂದಿನವರು ಊರಲ್ಲಿದ್ದಾರಾ, ಮನೆ ಬದಲಿಸಿದ್ದಾರಾ ಅನ್ನುವುದೂ ಆಗಲೇ ತಿಳಿಯುತ್ತದೆ. ಹತ್ತಿರದವರನ್ನು ಒಟ್ಟಿಗೆ ಹಾಕಿ, ದೂರದವರನ್ನು ಕೊನೆಗೆ ಹಾಕಿದರೆ ಖರ್ಚು ಇಳಿಯುತ್ತದೆ. ಒಬ್ಬರಿಗೆ ಒಂದು ತಿಂಗಳು ಸಾಕು. ಓದಿ ರುಚಿಸದಿದ್ದರೆ ಅರ್ಧಕ್ಕೇ ಬಿಟ್ಟು ಕಳಿಸಬಹುದು ಅಂತ ಮೊದಲೇ ಹೇಳಿಬಿಡಿ. ರುಚಿಸದ ಪುಸ್ತಕವನ್ನು ಮರ್ಯಾದೆಗಾಗಿ ಇಟ್ಟುಕೊಂಡವರ ಮನೆಯಲ್ಲೇ ಸುತ್ತುಗಳು ನಿಂತುಹೋಗುವುದು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

*

ಹೀಗೆ ಕಳಿಸುವುದು ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲವೇ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಇಲ್ಲ. ಕೊಂಡ ಪ್ರತಿಯನ್ನು ಸ್ನೇಹಿತರಿಗೆ ಓದಲು ಕೊಡುವುದಕ್ಕೆ ಅಡ್ಡಿಯಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1908ರಲ್ಲೇ ಒಂದು ಪ್ರಕರಣದಲ್ಲಿ, ಪ್ರಕಾಶಕರು ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟಕ್ಕೆ ಅವರು ಕಟ್ಟು ಹಾಕುವಂತಿಲ್ಲ ಅಂದಿತ್ತು. ಫೋಟೋ ತೆಗೆದು ಇಡೀ ಪುಸ್ತಕವನ್ನೇ ಹಂಚಿದರೆ ಅದು ಬೇರೆ ಮಾತು. ಅದು ಪ್ರತಿ ಕೊಡುವುದಲ್ಲ, ಪ್ರತಿ ಮಾಡುವುದು. ಇ-ಪುಸ್ತಕ ಸಾಮಾನ್ಯವಾಗಿ ನಮ್ಮದಲ್ಲ, ಓದುವ ಪರವಾನಗಿ ಮಾತ್ರ ನಮ್ಮದು.

ಕಣ್ಣು ಕಾಣದವರೂ ಸೇರಬಹುದಾ? ಖಂಡಿತ. ಬ್ರೈಲ್ ಪುಸ್ತಕಗಳಿಗೆ ಅಂಚೆ ಶುಲ್ಕ ಸಾಮಾನ್ಯವಾಗಿ ಇರುವುದಿಲ್ಲ, ವಿಶ್ವ ಅಂಚೆ ಒಕ್ಕೂಟದ ನಿಯಮದಲ್ಲೇ ಆ ವಿನಾಯಿತಿ ಇದೆ. ಬ್ರೈಲ್‌ನಲ್ಲಿ ಒಂದು ಕಾದಂಬರಿ ಹಲವು ದಪ್ಪ ಸಂಪುಟಗಳಾಗುತ್ತದೆ. ಆಗ ಮ್ಯೂಡಿಯ ಉಪಾಯ ಮಾಡಬಹುದು, ಒಬ್ಬರು ಎರಡನೆಯ ಸಂಪುಟ ಓದುವಾಗ ಮುಂದಿನವರು ಮೊದಲನೆಯದನ್ನು ಶುರು ಮಾಡಬಹುದು, ಇಡೀ ಪುಸ್ತಕ ಮುಗಿಯುವ ತನಕ ಕಾಯಬೇಕಾಗಿಲ್ಲ. ಅಂಚಿನ ಟಿಪ್ಪಣಿಗಳನ್ನು ಮಾತ್ರ ಯಾರಾದರೂ ಓದಿ ಧ್ವನಿಮುದ್ರಣ ಮಾಡಿ ಕಳಿಸಬೇಕು.

ಪುಸ್ತಕ ದಾರಿಯಲ್ಲೇ ಕಳೆದುಹೋದರೆ? ಇನ್ನೊಂದು ಹಳೆಯ ಪ್ರತಿ ಹುಡುಕಿ ನಿಂತ ಕಡೆಯಿಂದಲೇ ಮುಂದುವರಿಸಿ. ಕಾದಂಬರಿ ಸಿಗುತ್ತದೆ, ಟಿಪ್ಪಣಿ ಸಿಗುವುದಿಲ್ಲ. ಅದಕ್ಕೇ ಒಬ್ಬೊಬ್ಬರೂ ಕಳಿಸುವ ಮುಂಚೆ ಅಧ್ಯಾಯದ ಕೊನೆಯ ಟಿಪ್ಪಣಿಗಳನ್ನಷ್ಟೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಲಿ. ಕಳೆದಾಗ ಅವನ್ನು ಹೊಸ ಪ್ರತಿಗೆ ನಕಲು ಮಾಡಬಹುದು. ಕೈಬರಹ ಎಲ್ಲ ಒಂದೇ ಆಗುತ್ತದೆ, ಏನು ಮಾಡೋದು.

ಕೊನೆಯ ಪ್ರಶ್ನೆ ಮುಂದಿನ ಸಾಲಿನ ಹುಡುಗಿಯದು. ಪುಸ್ತಕ ನನ್ನದು, ಮೊದಲು ನಾನು ಓದಿ ಟಿಪ್ಪಣಿ ಬರೆದು ಶುರು ಮಾಡಲಾ ಅಂತ ಕೇಳಿದಳು. ಮೊದಲು ಓದು, ಆದರೆ ಏನೂ ಬರೆಯಬೇಡಮ್ಮ ಅಂದೆ. ಮೊದಲ ಟಿಪ್ಪಣಿ ಹೇಗಿರುತ್ತದೋ ಉಳಿದವರೂ ಅದೇ ರಾಗದಲ್ಲಿ ಬರೆಯುತ್ತಾರೆ. ಅದೂ ಪುಸ್ತಕದ ಯಜಮಾನಿಯೇ ಹೊಗಳಿ ಬರೆದರೆ ಎರಡನೆಯವರಿಗೆ ‘ನಗು ಬರಲಿಲ್ಲ’ ಅನ್ನಲು ಬಾಯಿ ಬರುವುದಿಲ್ಲ. ಸುಮ್ನೆ ಕಳಿಸು. ಸುತ್ತಿ ವಾಪಸ್ ಬಂದ ಮೇಲೆ ಇನ್ನೊಮ್ಮೆ ಓದಿ, ಜಾಗ ಉಳಿದಿದ್ದರೆ ಆಗ ಬರೆ.